ಮುಳ್ಳು ಸರಿದಾಗ ಸಿಕ್ಕ ಹಾಡು

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಒಂದು ಚಪ್ಪಟೆ ಪೆಟ್ಟಿಗೆ ಕೂತಿದೆ. ಅಂಗೈಗಿಂತ ತುಸು ದೊಡ್ಡದು. ಅಮ್ಮ ಅದರ ಮೇಲೆ ಒಮ್ಮೊಮ್ಮೆ ಬೆಂಕಿಪೊಟ್ಟಣ ಇಡುತ್ತಾರೆ, ಒಮ್ಮೊಮ್ಮೆ ಕರಿಬೇವಿನ ಕಂತೆ. ಹದಿನೈದು ವರ್ಷಕ್ಕೂ ಮಿಕ್ಕಿ ಅದು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಆದರೂ ಮನೆಗೆ ಸುಣ್ಣಬಣ್ಣ ಮಾಡಿಸಿದಾಗಲೆಲ್ಲ ಅದನ್ನು ಹಳೇ ಸಾಮಾನಿನವನಿಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ಅದು ವರ್ಲ್ಡ್‌ಸ್ಪೇಸ್ ರೇಡಿಯೊದ ಆಂಟೆನಾ. ಈಗಿನ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತ. 2000ದ ಮಾರ್ಚ್‌ನಲ್ಲಿ ಹಾರಿಸಿದ ಏಷ್ಯಾಸ್ಟಾರ್ ಎಂಬ ಉಪಗ್ರಹದಿಂದ ನೇರವಾಗಿ ಮನೆಗೆ ಬರುತ್ತಿದ್ದ, ಚಂದಾ ಕಟ್ಟಿ ಕೇಳಬೇಕಾಗಿದ್ದ ರೇಡಿಯೊ ಅದು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’, ಕನ್ನಡಕ್ಕೆ ‘ಸ್ಪರ್ಶ’, ಜಾಜ್‌ಗೆ ಒಂದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಇನ್ನೊಂದು – ಹೀಗೆ ಒಂದೊಂದು ರುಚಿಗೂ ಒಂದೊಂದು ವಾಹಿನಿ. ಉಪಗ್ರಹವಿದ್ದದ್ದು ನಮ್ಮೂರಿಗೆ ಪೂರ್ವದಿಂದ ಕೊಂಚ ಆಗ್ನೇಯಕ್ಕೆ. ವಾಸ್ತು ನೋಡಿ ಕಟ್ಟಿದ ನಮ್ಮ ಕಡೆಯ ಮನೆಗಳಲ್ಲಿ ಆಗ್ನೇಯ ಮೂಲೆ ಎಂದರೆ ಅಡುಗೆಮನೆಯೇ. ಆಂಟೆನಾ ಅಲ್ಲಿಗೆ ಹೋಯಿತು, ಅದರ ಹಿಂದೆ ರೇಡಿಯೊ ಹೋಯಿತು, ರೇಡಿಯೊದ ಹಿಂದೆ ನಾವೂ ಹೋದೆವು. ಅಮ್ಮ ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೆ ತೋಡಿ ರಾಗದ ಆಲಾಪನೆ ತಾರಸ್ಥಾಯಿ ಮುಟ್ಟಿರುತ್ತಿತ್ತು. 2009ರ ಡಿಸೆಂಬರ್ 31ಕ್ಕೆ ಕಂಪನಿ ಭಾರತದಲ್ಲಿ ತನ್ನ ಪ್ರಸಾರ ನಿಲ್ಲಿಸಿತು. ಹೊಸ ವರ್ಷದ ಬೆಳಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ.

ಆಗ ನನ್ನ ಮಗಳಿಗೆ ಮೂರು ವರ್ಷ. ಈಗ ಹತ್ತೊಂಬತ್ತು. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಏಳು ವರ್ಷ ಕರ್ನಾಟಕ ಸಂಗೀತ ಕಲಿತು, ವರ್ಣದಿಂದ ಕೀರ್ತನೆಗೆ ದಾಟುವ ಹೊತ್ತಿಗೆ ಪಾಠ ಬಿಟ್ಟಳು. ಈಗ ಕೈಯಲ್ಲಿ ಗಿಟಾರ್, ಜೊತೆಗೆ ಮೂವರು ಗೆಳೆಯರು, ತಾನೇ ಬರೆದ ಕನ್ನಡ ಹಾಡುಗಳು. ಹೋದ ತಿಂಗಳು ಊಟಕ್ಕೆ ಕೂತಾಗ ಒಂದು ಮಾತು ಎಸೆದಳು: “ಡಿಗ್ರಿ ಆದ ಮೇಲೆ ಒಂದು ವರ್ಷ ಬರೀ ಮ್ಯೂಸಿಕ್ ಮಾಡ್ತೀನಿ.” ನನ್ನ ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅಮ್ಮ ಮಾತ್ರ ನಿಧಾನವಾಗಿ ಹೇಳಿದರು: “ರೇಡಿಯೊದಲ್ಲಿ ಬರೋ ಅಂಥ ಹಾಡು ಹಾಡು ಪುಟ್ಟಿ, ನಾನೇ ಬೇಡ ಅನ್ನಲ್ಲ.” ಅದಕ್ಕೆ ಮೊಮ್ಮಗಳು, “ರೇಡಿಯೊ ಈಗ ಯಾರು ಕೇಳ್ತಾರೆ ಅಜ್ಜಿ?” ಎಂದಳು. ಆಮೇಲೆ ಮೂರು ದಿನ ಮನೆಯಲ್ಲಿ ಯಾರೂ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಇಬ್ಬರ ಮಾತೂ ನನ್ನ ತಲೆಯಲ್ಲಿ ಉಳಿಯಿತು. ರೇಡಿಯೊದಲ್ಲಿ ಬರುವಂಥ ಹಾಡು ಎಂದರೆ ಯಾವುದು? ಬಾರದಂಥ ಹಾಡು ಯಾವುದು? ಅದನ್ನು ತೀರ್ಮಾನಿಸಿದವರು ಯಾರು? ಒಂದು ಭಾನುವಾರ ನಾನು ಮಗಳಿಗೆ ಒಪ್ಪಂದವೊಂದನ್ನು ಮುಂದಿಟ್ಟೆ. ಒಂದು ಇಡೀ ದಿನ ಅವಳು ನನ್ನ ಜೊತೆ ದಕ್ಷಿಣ ಬೆಂಗಳೂರು ಸುತ್ತಬೇಕು, ನನ್ನ ಪಾಕೆಟ್ ರೇಡಿಯೊ ಕೇಳಬೇಕು. ಪ್ರತಿಯಾಗಿ ಅವಳು ಫೋನಿನಲ್ಲಿ ಕೇಳಿಸಿದ್ದನ್ನೆಲ್ಲ ನಾನು ಮುಖ ಸಿಂಡರಿಸದೆ ಕೇಳಬೇಕು. “ಮುಖ ಸಿಂಡರಿಸಿದ್ರೆ ಐಸ್‌ಕ್ರೀಮ್” ಎಂಬ ದಂಡವನ್ನೂ ಅವಳೇ ಸೇರಿಸಿದಳು.

ಜಯನಗರದ ಬೆಳಗು

ಬನಶಂಕರಿ ದೇವಸ್ಥಾನದ ಮಗ್ಗುಲಲ್ಲೇ ಮೆಟ್ರೊ ನಿಲ್ದಾಣ. ಹಸಿರು ಮಾರ್ಗದ ಈ ತುಂಡು 2017ರ ಜೂನ್‌ನಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಇಲ್ಲಿಂದ ನಾಲ್ಕನೇ ಬ್ಲಾಕಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಅರ್ಧ ಬೆಳಗು ಕಳೆಯುವ ಕೆಲಸವಾಗಿತ್ತು. ಈಗ ಮರಗಳ ನೆತ್ತಿ ನೋಡುತ್ತಾ ನಿಮಿಷಗಳಲ್ಲಿ ಹೋಗಿ ಇಳಿಯಬಹುದು. ಇಷ್ಟು ಎತ್ತರದಲ್ಲಿ ಎಫ್‌ಎಂ ಚೆನ್ನಾಗಿ ಸಿಗುತ್ತದೆ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಕಾಂಕ್ರೀಟು ಅಡ್ಡ ಬಂದರೆ ಗೊರಗುಟ್ಟುತ್ತದೆ, ಬಯಲು ಸಿಕ್ಕರೆ ಹಾಡುತ್ತದೆ. ಇಯರ್‌ಫೋನಿನ ತಂತಿಯೇ ಪಾಕೆಟ್ ರೇಡಿಯೊಗೆ ಆಂಟೆನಾ ಎಂದು ಹೇಳಿದಾಗ ಮಗಳು ನಂಬಲಿಲ್ಲ. ತಂತಿ ಸುರುಳಿ ಸುತ್ತಿದಳು, ಗೊರಗೊರ, ಬಿಡಿಸಿದಳು, ಹಾಡು. ಆ ದಿನದ ಮೊದಲ ಜಯ ನನ್ನದಾಯಿತು.

ಜಯನಗರಕ್ಕೆ 1948ರಲ್ಲಿ ಅಶೋಕ ಸ್ತಂಭದ ಬಳಿ ಅಡಿಗಲ್ಲು ಹಾಕಿದವರು ಚಕ್ರವರ್ತಿ ರಾಜಗೋಪಾಲಾಚಾರಿ. ಬಡಾವಣೆ ತುಂಬಿಕೊಳ್ಳುತ್ತಿದ್ದ ಕಾಲದಲ್ಲೇ, 1955ರ ನವೆಂಬರ್‌ನಲ್ಲಿ, ಬೆಂಗಳೂರಿನ ಆಕಾಶವಾಣಿ ನಿಲಯ ಶುರುವಾಯಿತು. ಹೀಗಾಗಿ ಈ ಬ್ಲಾಕುಗಳ ಹಳೆಯ ಮನೆಗಳಿಗೂ ಬೆಂಗಳೂರು ಆಕಾಶವಾಣಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ‘ಆಕಾಶವಾಣಿ’ ಎಂಬ ಹೆಸರು ಅದಕ್ಕಿಂತ ಹಳೆಯದು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ಕೇಂದ್ರವೊಂದನ್ನು ನಡೆಸಿದರು. ಆ ಹೆಸರು ಅಂಟಿಕೊಂಡದ್ದು ಅದಕ್ಕೆ. ದೇಶದ ಸರಕಾರಿ ರೇಡಿಯೊ ಅದನ್ನು ಪಡೆದುಕೊಂಡದ್ದು ನಂತರ. “ಅಂದ್ರೆ ನಮ್ಮ ರೇಡಿಯೊ ಶುರುವಾಗಿದ್ದೇ ಒಬ್ಬ ಮೇಷ್ಟ್ರ ಮನೆಯಲ್ಲಾ? ನಮ್ಮ ಬ್ಯಾಂಡ್ ಥರ?” ಎಂದಳು ಮಗಳು. ಹಾಗೆ ನಾನು ಯೋಚಿಸಿರಲಿಲ್ಲ.

ನಾಲ್ಕನೇ ಬ್ಲಾಕಿನ ಸಂಕೀರ್ಣದ ಸುತ್ತ ಹೂವಿನವರು, ಹಣ್ಣಿನವರು, ಪುಸ್ತಕದವರು. ಈಗ ಇಲ್ಲವಾಗಿರುವ ಪುಟ್ಟಣ್ಣ ಕಣಗಾಲ್ ಚಿತ್ರಮಂದಿರದಲ್ಲಿ ನಾನು ಸಿನಿಮಾ ನೋಡಿ, ಅದೇ ಹಾಡಿನ ಕ್ಯಾಸೆಟ್ ಹುಡುಕಿಕೊಂಡು ಹೋಗುತ್ತಿದ್ದ ಓಣಿಗಳು ಇವು. ಕ್ಯಾಸೆಟ್ ಅಂಗಡಿಗಳ ಜಾಗದಲ್ಲಿ ಈಗ ಮೊಬೈಲಿನ ಹೊದಿಕೆ ಮಾರುತ್ತಾರೆ. ಒಂದು ಕಲ್ಲು ಬೆಂಚಿನ ಮೇಲೆ ಕೂತು ಮಗಳಿಗೆ ಹಳೆಯ ಕಥೆಯೊಂದನ್ನು ಹೇಳಿದೆ.

ಸಿನಿಮಾ ಹಾಡೇ ಒಂದು ಕಾಲಕ್ಕೆ ಈ ದೇಶದ ರೇಡಿಯೊದಲ್ಲಿ ಬಾರದ ಹಾಡಾಗಿತ್ತು. 1952ರಲ್ಲಿ ಕೇಂದ್ರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರು ಸಿನಿಮಾ ಸಂಗೀತ ಜನರ ಅಭಿರುಚಿ ಕೆಡಿಸುತ್ತದೆಂದು ಬಗೆದು ಆಕಾಶವಾಣಿಯಿಂದ ಅದನ್ನು ದೂರವಿಟ್ಟರು. ಜನ ಸುಮ್ಮನಿರಲಿಲ್ಲ, ಮುಳ್ಳನ್ನು ರೇಡಿಯೊ ಸಿಲೋನ್ ಕಡೆ ತಿರುಗಿಸಿದರು. ಅದೇ ವರ್ಷ ಅಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು, ಅಮೀನ್ ಸಯಾನಿಯವರ ದನಿ ಮನೆಮಾತಾಯಿತು. ಕೇಳುಗರನ್ನು ಮರಳಿ ಪಡೆಯಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನೇ ಹುಟ್ಟಿಸಬೇಕಾಯಿತು. ಸಿನಿಮಾ ಹಾಡಷ್ಟೇ ಅಲ್ಲ, ಹಾರ್ಮೋನಿಯಂಗೂ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. ನಮ್ಮ ಗಮಕಗಳಿಗೆ ಅದು ಒಗ್ಗುವುದಿಲ್ಲ ಎಂಬುದು ಕಾರಣ.

“ಹಾರ್ಮೋನಿಯಂ ಬ್ಯಾನಾ? ಅಜ್ಜಿಗೆ ಗೊತ್ತಾ ಇದು?” ಮಗಳಿಗೆ ನಗು. ಅಜ್ಜಿಯ ಭಜನಾ ಮಂಡಳಿ ಹಾರ್ಮೋನಿಯಂ ಇಲ್ಲದೆ ಒಂದು ಹೆಜ್ಜೆ ಇಡುವುದಿಲ್ಲ.

ಭಾವಗೀತೆಯ ಕಥೆ ಇದಕ್ಕಿಂತ ಮೃದು. ಪುಸ್ತಕದಲ್ಲಿದ್ದ ಕವಿತೆಯನ್ನು ಪಿ. ಕಾಳಿಂಗರಾಯರಂಥವರು ದನಿಗೆ ತಂದರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅದನ್ನು ಮನೆಮನೆಗೆ ಒಯ್ದರು. ಅದು ಶಾಸ್ತ್ರೀಯವಲ್ಲ, ಸಿನಿಮಾ ಅಲ್ಲ, ಜನಪದವೂ ಅಲ್ಲ. ಇಂಥ ಯಾವ ಗೂಡಿಗೂ ಸೇರದ ಸಂಗೀತಕ್ಕೆ ಆಕಾಶವಾಣಿ ‘ಸುಗಮ ಸಂಗೀತ’ ಎಂಬ ಗೂಡೊಂದನ್ನೇ ಮಾಡಿ ಕೂರಿಸಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬರುವಷ್ಟರಲ್ಲಿ ಕೇಳುವ ಕಿವಿ ತಯಾರಾಗಿತ್ತು. ಆ ಕಿವಿಯನ್ನು ತಯಾರು ಮಾಡಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. ಇಂದು ನಾವು ‘ಪರ್ಯಾಯ ಸಂಗೀತ’ ಎನ್ನುತ್ತೇವಲ್ಲ, ಅಂಥದಕ್ಕೆ ಕನ್ನಡದಲ್ಲಿ ಸಿಕ್ಕ ದೊಡ್ಡ ಗೆಲುವು ಬಹುಶಃ ಭಾವಗೀತೆಯೇ. ಗೆದ್ದ ಮೇಲೆ ಅದು ಪರ್ಯಾಯವಾಗಿ ಉಳಿಯಲಿಲ್ಲ. ಶಾಲೆಯ ವಾರ್ಷಿಕೋತ್ಸವದ ಹಾಡಾಯಿತು.

ಕನ್ನಡವೇ ಪರ್ಯಾಯವಾಗಿದ್ದಾಗ

ಸಂಕೀರ್ಣದಿಂದ ಆಟೊ ಹತ್ತಿದೆವು. ಚಾಲಕ ಎಫ್‌ಎಂ ಹಾಕಿಕೊಂಡಿದ್ದ. ಹಾಡು, ಜಾಹೀರಾತು, ಜಾಹೀರಾತು, ನಗೆಮಾತು, ಮತ್ತೆ ಹಾಡು. ಜೆ.ಪಿ. ನಗರ ಮುಟ್ಟುವ ಮೊದಲು ನಾನು ಪಾಕೆಟ್ ರೇಡಿಯೊದಲ್ಲಿ ಮುಳ್ಳು ಸರಿಸಿದೆ. ಆಟೊದಲ್ಲಿ ಆಗತಾನೆ ಮುಗಿದ ಹಾಡು ಇನ್ನೊಂದು ಕಡೆ ಶುರುವಾಗುತ್ತಿತ್ತು. ಮಗಳು ಹುಬ್ಬು ಹಾರಿಸಿದಳು. ಮಾತಾಡುವ ಅಗತ್ಯವಿರಲಿಲ್ಲ.

ಹೀಗೇಕೆ ಎಂಬುದಕ್ಕೆ ಲೆಕ್ಕಾಚಾರ ಇದೆ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು, ಸರಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆಮೇಲೆ ಖಾಸಗಿ ಎಫ್‌ಎಂಗೆ ಬಾಗಿಲು ತೆರೆಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೊ ಸಿಟಿ 2001ರ ಜುಲೈ 3ರಂದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಹರಾಜಿನಲ್ಲಿ ಕೂಗಿದ ಪರವಾನಗಿ ಶುಲ್ಕ ದೊಡ್ಡದು, ಮೇಲಾಗಿ ವರ್ಷವರ್ಷವೂ ಶೇಕಡ 15ರಷ್ಟು ಏರುವಂಥದು. 2005ರ ನೀತಿ ಅದನ್ನು ಆದಾಯದ ಶೇಕಡ 4ರ ಪಾಲಿಗೆ ಇಳಿಸಿದರೂ, ತರಂಗ ಪಡೆಯಲು ಮೊದಲೇ ದೊಡ್ಡ ಮೊತ್ತ ಕಟ್ಟಬೇಕಿತ್ತು. ಹಣ ಹುಟ್ಟಬೇಕಾದದ್ದು ಜಾಹೀರಾತಿನಿಂದ. ಜಾಹೀರಾತು ಬರುವುದು ಕೇಳುಗರ ಸಂಖ್ಯೆಯಿಂದ. ಗೊತ್ತಿಲ್ಲದ ಹಾಡು ಬಂದರೆ ಕೇಳುಗನ ಬೆರಳು ಬೇರೆ ಕೇಂದ್ರಕ್ಕೆ ಜಾರಬಹುದೆಂಬ ಭಯ ಕಾರ್ಯಕ್ರಮ ಹೆಣೆಯುವವರಿಗೆ. ಆದ್ದರಿಂದ ಪರೀಕ್ಷಿಸಿ ಗೆದ್ದ ಹಾಡುಗಳ ಚಿಕ್ಕ ಪಟ್ಟಿ, ಅದನ್ನು ಸರದಿಯಂತೆ ಜೋಡಿಸುವ ಕಂಪ್ಯೂಟರು. ಇದರಲ್ಲಿ ಖಳನಾಯಕ ಯಾರೂ ಇಲ್ಲ. ಹೋಟೆಲಿನವನು ಓಡುವ ತಿಂಡಿಯನ್ನೇ ಹೆಚ್ಚು ಮಾಡಿಸುವುದಿಲ್ಲವೇ, ಹಾಗೆ.

ಆದರೆ ಈ ಪಟ್ಟಿಯಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಮಾತ್ರ ಬದಲಾಗುತ್ತಾ ಬಂದಿದೆ. ಈಗಿನ ಮಕ್ಕಳಿಗೆ ಹೇಳಿದರೆ ಆಶ್ಚರ್ಯವಾಗುತ್ತದೆ: ಮೊದಲ ಕೆಲವು ವರ್ಷ ಬೆಂಗಳೂರಿನ ಖಾಸಗಿ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡ ಹಾಡಿಗೆ ಕಾಯಬೇಕಿತ್ತು. ಬೆಂಗಳೂರಿನ ಗಾಳಿಯಲ್ಲಿ ಕನ್ನಡವೇ ಪರ್ಯಾಯವಾಗಿತ್ತು! 2006ರ ಸುಮಾರಿಗೆ ಕೇಂದ್ರಗಳ ಸಂಖ್ಯೆ ಹೆಚ್ಚಿತು, ಪೈಪೋಟಿ ಬಂತು. ಆ ವರ್ಷದ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ತೆರೆಕಂಡು ಅದರ ಹಾಡುಗಳು ಆಟೊ, ಬಸ್ಸು, ಕ್ಷೌರದ ಅಂಗಡಿಯನ್ನೆಲ್ಲ ತುಂಬಿದವು. ಕನ್ನಡ ಹಾಡಿಗೆ ಮಾರುಕಟ್ಟೆ ಇದೆ ಎಂಬುದು ಎಲ್ಲರಿಗೂ ಕೇಳಿಸಿತು. ಕನ್ನಡ ಒಳಗೆ ಬಂತು. ಅದೇ 2006ರಲ್ಲಿ 91.9ರಲ್ಲಿ ಆರಂಭವಾದ ರೇಡಿಯೊ ಇಂಡಿಗೊ ಇಂಗ್ಲಿಷ್ ಹಾಡುಗಳಿಗೇ ಮೀಸಲಾಯಿತು. ಅತ್ತ ಶಾಸ್ತ್ರೀಯ ಸಂಗೀತ ಆಕಾಶವಾಣಿಯ 100.1ರ ‘ಅಮೃತವರ್ಷಿಣಿ’ಯ ನೆರಳು ಹಿಡಿಯಿತು. ಒಂದು ಕಾಲದಲ್ಲಿ ರೇಡಿಯೊದ ಯಜಮಾನನಾಗಿದ್ದ ತೋಡಿ, ಕಾಂಬೋಧಿಗಳು ಈಗ ಹುಡುಕಿ ಕೇಳಬೇಕಾದ ಸಂಗೀತವಾದವು. ಮಗಳು ಬಿಟ್ಟ ಕೀರ್ತನೆ, ಮಗಳು ಹಿಡಿದ ಗಿಟಾರು ಎರಡೂ ಈಗ ಒಂದೇ ದೋಣಿಯಲ್ಲಿವೆ ಎಂದು ನನಗೆ ಹೊಳೆದದ್ದು ಆಗಲೇ. ಹೇಳಿದರೆ ಉಪದೇಶವಾಗುತ್ತದೆಂದು ಸುಮ್ಮನಿದ್ದೆ.

ಜೆ.ಪಿ. ನಗರದ ಮಧ್ಯಾಹ್ನ

ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಈ ಬಡಾವಣೆಯ ಎರಡನೇ ಹಂತದಲ್ಲಿ ರಂಗಶಂಕರ ಇದೆ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ 2004ರಲ್ಲಿ ತೆರೆದ ರಂಗಮಂದಿರ. ನಾಟಕದ ಭಿತ್ತಿಪತ್ರಗಳ ಕೆಳಗೆ ಕಾಫಿ ಹಿಡಿದು ಕೂತೆವು. ಈಗ ಕೇಳುವ ಸರದಿ ನನ್ನದು.

ಮಗಳು ಒಂದೊಂದಾಗಿ ಹಾಕುತ್ತಾ ಹೋದಳು. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ನನಗೂ ಗೊತ್ತಿದ್ದ ಹೆಸರು. 1996ರಲ್ಲಿ ಇಲ್ಲಿಂದ ಬಹಳ ದೂರವೇನಿಲ್ಲದ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿಕೊಂಡ ತಂಡ. ಇಂಗ್ಲಿಷ್ ರಾಕ್ ಹಾಡಿದರೂ ಅವರ ಹಾಡುಗಳಲ್ಲಿ ಬೆಂಗಳೂರು ಇತ್ತು. ಆಮೇಲೆ ಸ್ವರಾತ್ಮ. 2006ರಲ್ಲಿ ಒಂದು ಎಫ್‌ಎಂ ಕೇಂದ್ರ ನಡೆಸಿದ ಬ್ಯಾಂಡ್ ಸ್ಪರ್ಧೆಯಲ್ಲಿ ಗೆದ್ದು ಮೇಲೆ ಬಂದ ತಂಡ ಅದು ಎಂಬುದು ಈ ಕಥೆಯಲ್ಲಿ ಮುಖ್ಯ; ರೇಡಿಯೊ ಮನಸ್ಸು ಮಾಡಿದರೆ ಬಾಗಿಲು ತೆರೆಯಬಲ್ಲದು. ರಘು ದೀಕ್ಷಿತ್ ಬಂದಾಗ ನಾನೇ ತಲೆದೂಗಿದೆ. ಶಿಶುನಾಳ ಷರೀಫರನ್ನು ಗಿಟಾರಿನ ಜೊತೆ ಹಾಡಿ, ಪಂಚೆ ಗೆಜ್ಜೆಗಳಲ್ಲೇ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೆ ಹೋದವರು. ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅಶ್ವತ್ಥರ ಷರೀಫರನ್ನು ಕೇಳಿ ಬೆಳೆದ ನನಗೆ ಈ ಷರೀಫರು ಮೊದಲು ಗಲಾಟೆ ಎನಿಸಿದ್ದು ನಿಜ. ಅಶ್ವತ್ಥರು ಏರುದನಿಯಲ್ಲಿ ಹಾಡತೊಡಗಿದಾಗ ನನ್ನ ತಂದೆಗೂ ಹಾಗೇ ಎನಿಸಿತ್ತು ಎಂಬುದೂ ಅಷ್ಟೇ ನಿಜ.

ಕೊನೆಗೆ ಒಂದು ಹಾಡು ಹಾಕಿದಳು. ಯಾರದೆಂದು ಹೇಳಲಿಲ್ಲ. ಹುಡುಗಿಯ ದನಿ, ಗಿಟಾರು, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಸಾಲು ಮುಗಿಯುವ ಜಾಗದಲ್ಲಿ ದನಿ ಒಂದು ಪುಟ್ಟ ಗಮಕದಲ್ಲಿ ಬಾಗುತ್ತಿತ್ತು. ಏಳು ವರ್ಷದ ಪಾಠ ಹೋದದ್ದೆಲ್ಲಿಗೆ ಎಂದು ನಾವು ಗೊಣಗುತ್ತಿದ್ದೆವಲ್ಲ, ಅಲ್ಲಿತ್ತು. “ಮುಖ ಸಿಂಡರಿಸ್ಲಿಲ್ಲ ನೀನು” ಎಂದಳು. ನನಗೆ ಬೇಗ ಮಾತು ಹೊರಡಲಿಲ್ಲ. ಸುಮ್ಮನೆ, “ಕುಕ್ಕರ್ ಸದ್ದು ತೆಗೀಬಹುದಿತ್ತು” ಎಂದೆ. “ಅದು ಬೇಕು ಅಪ್ಪ. ಅದು ನಮ್ಮನೆ” ಎಂದಳು.

“ಪರ್ಯಾಯ ಸಂಗೀತ” ಎಂಬ ಮಾತು ಹುಟ್ಟಿದ ಅಮೆರಿಕದಲ್ಲೂ ಅದನ್ನು ಬೆಳೆಸಿದ್ದು ರೇಡಿಯೊ. 1980ರ ದಶಕದಲ್ಲಿ ಅಲ್ಲಿನ ಕಾಲೇಜುಗಳ ಪುಟ್ಟ ಕೇಂದ್ರಗಳು ಆರ್.ಇ.ಎಂ.ನಂಥ ತಂಡಗಳನ್ನು ಹಾಕಿ ಹಾಕಿ ಪರಿಚಯಿಸಿದವು. 1991ರಲ್ಲಿ ನಿರ್ವಾಣ ತಂಡದ ಆಲ್ಬಮ್ ದೇಶಕ್ಕೇ ಹುಚ್ಚು ಹಿಡಿಸಿದ ಮೇಲೆ ಪರ್ಯಾಯವೆಂಬುದೇ ಮುಖ್ಯಧಾರೆಯಾಯಿತು. ಬ್ರಿಟನ್ನಿನಲ್ಲಿ ಜಾನ್ ಪೀಲ್ ಎಂಬ ನಿರೂಪಕ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಬಿಬಿಸಿಯಲ್ಲಿ ಯಾರೂ ಕೇಳದ ತಂಡಗಳ ಹಾಡು ಹಾಕಿದರು. 2010ರಲ್ಲಿ ಬಿಬಿಸಿ ತನ್ನ ‘6 ಮ್ಯೂಸಿಕ್’ ವಾಹಿನಿಯನ್ನು ಮುಚ್ಚಲು ಹೊರಟಾಗ ಕೇಳುಗರು ಎದ್ದುನಿಂತು ಉಳಿಸಿಕೊಂಡರು. ನಮ್ಮ ಅಡುಗೆಮನೆಯ ರೇಡಿಯೊ ನಿಂತಾಗ ನಾವು ಪೆಟ್ಟಿಗೆಯ ಮೇಲೆ ಕರಿಬೇವು ಇಟ್ಟೆವು.

ನಮ್ಮಲ್ಲಿ ಕಾಲೇಜು ರೇಡಿಯೊ ಇಲ್ಲವೆಂದಲ್ಲ. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಬಹುದೆಂದು ಸರಕಾರ 2002ರಲ್ಲಿ ಒಪ್ಪಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. ಜಯನಗರದಲ್ಲೂ ಕ್ಯಾಂಪಸ್ ಇರುವ ಜೈನ್ ಶಿಕ್ಷಣ ಸಮೂಹ 2007ರಲ್ಲಿ 90.4ರಲ್ಲಿ ಬೆಂಗಳೂರಿನ ಮೊದಲ ಸಮುದಾಯ ರೇಡಿಯೊ ಆರಂಭಿಸಿತು. ‘ರೇಡಿಯೊ ಆ್ಯಕ್ಟಿವ್’ ಎಂದು ಹೆಸರಾದ ಆ ಕೇಂದ್ರದಲ್ಲಿ ವಿದ್ಯಾರ್ಥಿಗಳ ಜೊತೆಗೆ ಚಿಂದಿ ಆಯುವವರು, ತೃತೀಯ ಲಿಂಗಿಗಳು ತಮ್ಮ ದನಿಯಲ್ಲೇ ಮಾತಾಡಿದರು. ಇಂಥ ಕೇಂದ್ರದ ಪ್ರೇಷಕ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ. ಅಂದರೆ ಹತ್ತು ಹದಿನೈದು ಕಿಲೋಮೀಟರಿನ ಮಾತು, ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಅಷ್ಟರಲ್ಲೇ ಮುಗಿಯುತ್ತವೆ. “ಅಷ್ಟೇನಾ?” ಎಂದಳು ಮಗಳು. ಮೇಷ್ಟ್ರ ಮನೆಯ ಪ್ರೇಷಕ 30 ವ್ಯಾಟ್‌ನದು ಎಂದು ನೆನಪಿಸಿದೆ.

ಬಿಟಿಎಂನ ಸಂಜೆ

ರಾಗಿಗುಡ್ಡದಿಂದ ಹಳದಿ ಮಾರ್ಗದ ಮೆಟ್ರೊ ಹಿಡಿದೆವು. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ದಾಟಿದರೆ ಬಿಟಿಎಂ ಲೇಔಟ್. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿ ಆದ ಹೆಸರು. ಈಗ ಅಲ್ಲಿ ಮೂರು ಹಳ್ಳಿಯಲ್ಲ, ಮೂವತ್ತು ಊರಿನವರಿದ್ದಾರೆ. ಬೀದಿ ತುಂಬ ಪಿ.ಜಿ.ಗಳು, ಮಲಯಾಳ, ತೆಲುಗು, ಬಂಗಾಳಿ, ಹಿಂದಿ ಮಾತು. ಎಲ್ಲರ ಕಿವಿಯಲ್ಲೂ ಏನೋ ಇದೆ. ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ. ಜಯನಗರದ ಹಳೆಯ ರಸ್ತೆಗಳಲ್ಲಿ ಒಂದು ಮನೆಯ ರೇಡಿಯೊ ನಾಲ್ಕು ಮನೆಗೆ ಕೇಳುತ್ತಿತ್ತು. ಸಂಸ್ಕೃತ ವಾರ್ತೆ ಬಂತೆಂದರೆ ಇಡೀ ರಸ್ತೆಗೆ ಏಳು ಗಂಟೆ ಹತ್ತಿರವಾಯಿತೆಂದು ಅರ್ಥ.

ಇಲ್ಲಿ ಮಗಳ ವಾದ ಗಟ್ಟಿ. ಬೆಂಗಳೂರಿನ ರ‍್ಯಾಪ್ ಬಳಗದಲ್ಲಿ ಬೆಳೆದ ಹನುಮಾನ್‌ಕೈಂಡ್ ಹಾಡು 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಏರಿತು. ಅದನ್ನು ಅಲ್ಲಿಗೆ ಏರಿಸಿದ್ದು ನಮ್ಮೂರಿನ ಯಾವ ರೇಡಿಯೊ ಕೇಂದ್ರವೂ ಅಲ್ಲ, ಕೈಯಲ್ಲಿನ ಫೋನು. ಅಲ್ಲಿ ಪರವಾನಗಿ ಬೇಡ, ಹರಾಜು ಬೇಡ. “ನಮ್ಮ ಹಾಡು ಹಾಕೋದಕ್ಕೆ ಹತ್ತು ನಿಮಿಷ ಸಾಕು. ಮತ್ತೆ ರೇಡಿಯೊ ಯಾಕೆ ಅಪ್ಪ?”

“ನಿಮ್ಮ ಹಾಡು ಎಷ್ಟು ಜನ ಕೇಳಿದ್ದಾರೆ?”

“ನೂರಾ ನಲವತ್ತು.” ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದಳು: “ಅದ್ರಲ್ಲಿ ಅರ್ಧ ನಾವೇ ನಾಲ್ಕು ಜನ.”

ಇಬ್ಬರೂ ನಕ್ಕೆವು. ಆದರೆ ಪ್ರಶ್ನೆ ಅಲ್ಲೇ ಇದೆ. ಫೋನು ನಾವು ಹಿಂದೆ ಕೇಳಿದ್ದರ ಲೆಕ್ಕ ಇಟ್ಟು, ಅದಕ್ಕೆ ಹತ್ತಿರದ್ದನ್ನೇ ಮುಂದಿಡುತ್ತದೆ. ಎಫ್‌ಎಂ ಎಲ್ಲರೂ ಕೇಳಿದ್ದನ್ನು ಮತ್ತೆ ಹಾಕುತ್ತದೆ. ಬಾಗಿಲು ಒಂದು ಕಡೆ ಕಿರಿದು, ಇನ್ನೊಂದು ಕಡೆ ಬಾಗಿಲೇ ಇಲ್ಲದಷ್ಟು ದೊಡ್ಡ ಬಯಲು. ಎರಡು ಕಡೆಯೂ ಹೊಸ ಹಾಡಿನ ಹುಡುಗಿ ಕಾಣುವುದಿಲ್ಲ. ಹುಡುಕದೇ ಇದ್ದ ಹಾಡೊಂದು, ಕರಿಬೇವು ಬಿಡಿಸುತ್ತಿದ್ದವರ ಕಿವಿಗೆ ತಾನಾಗಿ ಬೀಳುವುದು – ರೇಡಿಯೊ ಮಾಡುತ್ತಿದ್ದ ಕೆಲಸ ಅದು. ಅದನ್ನು ಮಾಡಲು ನಡುವೆ ಒಬ್ಬ ಮನುಷ್ಯ ಬೇಕು; “ಇದನ್ನು ಕೇಳಿ ನೋಡಿ” ಎನ್ನುವ ಧೈರ್ಯ ಇರುವವನು.

ಮುಂದೇನು? ಡಿಜಿಟಲ್ ರೇಡಿಯೊದಲ್ಲಿ ಒಂದೇ ತರಂಗಾಂತರದ ಜಾಗದಲ್ಲಿ ಹಲವು ವಾಹಿನಿಗಳನ್ನು ಕೂರಿಸಬಹುದು. ಖಾಸಗಿ ಕೇಂದ್ರಗಳಿಗೆ ಅಂಥ ಪ್ರಸಾರ ತರುವ ಬಗ್ಗೆ ಟ್ರಾಯ್ 2025ರಲ್ಲಿ ಶಿಫಾರಸು ಮಾಡಿದೆ. ಅದು ಬಂದರೆ ಒಂದು ಕೇಂದ್ರ ಓಡುವ ಹಾಡುಗಳಿಗೆ ಒಂದು ವಾಹಿನಿ ಇಟ್ಟುಕೊಂಡು, ಪಕ್ಕದಲ್ಲಿ ಹೊಸಬರಿಗೆ ಇನ್ನೊಂದು ಇಡುವುದು ಸಾಧ್ಯ. ಆದರೆ ಹೊಸ ರೇಡಿಯೊ ಪೆಟ್ಟಿಗೆ ಮನೆಮನೆಗೆ ಬರಬೇಕು, ಬೆಲೆ ಕೈಗೆಟುಕಬೇಕು. ಈಗಿನ ಮೊಬೈಲುಗಳಲ್ಲಿ ಸಾದಾ ಎಫ್‌ಎಂ ಕೂಡ ಮಾಯವಾಗುತ್ತಿರುವುದನ್ನು ಕಂಡು, ಅದನ್ನು ಉಳಿಸಿ ಎಂದು ಕೇಂದ್ರ ಸರಕಾರ 2023ರಲ್ಲಿ ತಯಾರಕರಿಗೆ ಹೇಳಬೇಕಾಯಿತು. ಆಕಾಶವಾಣಿ 2016ರ ಜನವರಿ 26ರಂದು ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಬೆಂಗಳೂರಿನಿಂದಲೇ ಆರಂಭಿಸಿ ಉಪಗ್ರಹಕ್ಕೂ ಆ್ಯಪಿಗೂ ಕಳಿಸಿತು. ಶಾಸ್ತ್ರೀಯಕ್ಕೆ ಸಾಧ್ಯವಾದದ್ದು ಹೊಸ ಕನ್ನಡ ಹಾಡಿಗೂ ಸಾಧ್ಯವಾಗಬಾರದೇಕೆ?

ಕಾಯುತ್ತಾ ಕೂರಬೇಕಾಗಿಯೂ ಇಲ್ಲ. ಮನೆಯಲ್ಲಿ ಹಾಡುವ ಮಕ್ಕಳಿರುವ ತಂದೆತಾಯಿಗಳಿಗೆ ಎರಡು ದಾರಿ ಹೇಳಬಲ್ಲೆ. ಆಕಾಶವಾಣಿ ಧ್ವನಿಪರೀಕ್ಷೆ ನಡೆಸಿ ಬಿ, ಬಿ ಹೈ, ಎ, ಟಾಪ್ ಎಂದು ಶ್ರೇಣಿ ಕೊಡುವ ಪದ್ಧತಿ ಹಳೆಯದು. ಸುಗಮ ಸಂಗೀತಕ್ಕೂ ಪಾಶ್ಚಾತ್ಯ ಸಂಗೀತಕ್ಕೂ ಅದು ಅನ್ವಯಿಸುತ್ತದೆ. ಪರೀಕ್ಷೆಗೆ ಕೂರುವುದೇ ಒಂದು ಶಿಕ್ಷಣ. ಇನ್ನೊಂದು ಸಮುದಾಯ ರೇಡಿಯೊ. ಅಲ್ಲಿನ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯರೇ ಕೂಡಿ ಮಾಡಿದ್ದಾಗಿರಬೇಕು ಎಂಬುದು ನಿಯಮ. ಹಾಡುವವರಷ್ಟೇ ಅಲ್ಲ, ಹಾಡನ್ನು ಆಯುವವರು, ಧ್ವನಿ ಜೋಡಿಸುವವರು, ಕಾರ್ಯಕ್ರಮ ಬರೆಯುವವರು ಎಲ್ಲರಿಗೂ ಅಲ್ಲಿ ಕೆಲಸವಿದೆ. ಮೈಕಿನ ಮುಂದೆ ಐದು ನಿಮಿಷ ತಪ್ಪಿಲ್ಲದೆ ಮಾತಾಡಲು ಕಲಿತ ಹುಡುಗನಿಗೆ ಅದು ಯಾವ ಸಂದರ್ಶನದಲ್ಲೂ ಉಪಯೋಗಕ್ಕೆ ಬರುತ್ತದೆ.

ಮತ್ತೆ ಅಡುಗೆಮನೆ

ರಾತ್ರಿ ಮನೆ ಸೇರಿದಾಗ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು, ಅಮ್ಮ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಮಗಳು ಕೈಕಾಲು ತೊಳೆದು ಬಂದು ಫೋನನ್ನು ಕಿಟಕಿಯ ಆ ಹಳೆಯ ಪೆಟ್ಟಿಗೆಗೆ ಒರಗಿಸಿ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಹಾಡು ಶುರುವಾಯಿತು.

ಅಮ್ಮನ ಕೈ ಸೋಸುತ್ತಲೇ ಇತ್ತು. ಎರಡನೇ ಚರಣಕ್ಕೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕಿದ್ದನ್ನು ನಾನು ನೋಡಿದೆ, ಹೆಂಡತಿಯೂ ನೋಡಿದಳು. ಹಾಡಿನೊಳಗೆ ಕುಕ್ಕರ್ ಕೂಗಿತು. ಅಮ್ಮ ಒಲೆಯ ಕಡೆ ತಿರುಗಿ, ಅಲ್ಲಿ ಕುಕ್ಕರ್ ಇಲ್ಲದ್ದು ಕಂಡು, ಗೊಂದಲಗೊಂಡು ಕೇಳಿದರು: “ಯಾವ ಸ್ಟೇಷನ್ನೇ ಇದು?”

ಮಗಳು ಉತ್ತರ ಕೊಡಲಿಲ್ಲ. ಹೆಂಡತಿ ಲಟ್ಟಣಿಗೆ ಕೆಳಗಿಟ್ಟು, “ಇನ್ನೊಂದು ಸಲ ಹಾಕು” ಎಂದಳು.

ಡಿಗ್ರಿ ಆದ ಮೇಲಿನ ಆ ಒಂದು ವರ್ಷದ ವಿಚಾರ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿಯಲಿ ಎಂಬಲ್ಲಿಗೆ ಮಾತು ನಿಂತಿದೆ. ಧ್ವನಿಪರೀಕ್ಷೆಯ ಅರ್ಜಿ ಎಲ್ಲಿ ಸಿಗುತ್ತದೆಂದು ಮಗಳು ನನ್ನನ್ನು ಕೇಳಿದ್ದಾಳೆ. ಗಿಟಾರಿನ ಜೊತೆಗೆ ತಂಬೂರಿಯನ್ನೂ ಒರೆಸಿ ಇಟ್ಟದ್ದು ಕಂಡಿದ್ದೇನೆ, ಕಾರಣ ಕೇಳಿಲ್ಲ. ಆಂಟೆನಾದ ಪೆಟ್ಟಿಗೆ ಅಲ್ಲೇ ಇದೆ. ಕರಿಬೇವನ್ನು ಮಾತ್ರ ಅಮ್ಮ ಈಗ ಬೇರೆ ಕಡೆ ಇಡುತ್ತಾರೆ.